ಅತ್ತಿತಾ ಸಿಸ್ಟರ್?

ಏಳು ವರ್ಷ ಹೆರಿಗೆ ವಾರ್ಡ್‌ನಲ್ಲಿ ಕೂಗಿ ಕೂಗಿ ನನ್ನ ಗಂಟಲು ಒರಟಾಗಿಬಿಟ್ಟಿತ್ತು. ನೋವು ಬಂದಾಗ "ಮುಕ್ಕಮ್ಮಾ, ಇನ್ನೂ ಸ್ವಲ್ಪ, ಬಿಡಬೇಡ" ಅಂತ ಪಕ್ಕದ ಕೋಣೆಗೂ ಕೇಳುವ ಹಾಗೆ ಹೇಳಿದರೇ ಅದು ಹೆರುವವಳ ಕಿವಿಗೆ ಬೀಳುವುದು. ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ ಬಂದ ಮೊದಲ ದಿನವೇ ಹಿರಿಯ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು. ನಾನು ಮಾಡಿದ್ದಿಷ್ಟೇ, ಇನ್‌ಕ್ಯುಬೇಟರ್ ಮೇಲೆ ಒಂದು ಫೈಲ್ ಇಟ್ಟಿದ್ದೆ. ಒಳಗಿದ್ದ ಒಂಬೈನೂರು ಗ್ರಾಂ ಕೂಸು ಬೆಚ್ಚಿ ಎರಡೂ ಕೈ ಚಾಚಿತು. ಮಾನಿಟರ್‌ನಲ್ಲಿ ರಕ್ತದ ಆಕ್ಸಿಜನ್ ಮಟ್ಟ 93ರಿಂದ 84ಕ್ಕೆ ಇಳಿಯಿತು.

ಎರಡೂ ಕಡೆ ನರ್ಸಿಂಗೇ ಅಂದುಕೊಂಡು ಬಂದವಳು ನಾನು. ಹೆರಿಗೆಯಲ್ಲಿ 500 ಎಂಎಲ್ ರಕ್ತ ಹೋದರೆ ನಾವು ಚುರುಕಾಗುತ್ತಿದ್ದೆವು. ಇಲ್ಲಿ ಒಂದು ಕಿಲೋ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ 80–100 ಎಂಎಲ್. ಪರೀಕ್ಷೆಗೆ ಅರ್ಧ ಎಂಎಲ್ ತೆಗೆದರೂ ಲೆಕ್ಕ ಬರೆಯಬೇಕು. ಒದ್ದೆ ಡೈಪರನ್ನು ತಕ್ಕಡಿಗೆ ಹಾಕಿ, ಒಣ ಡೈಪರಿನ ತೂಕ ಕಳೆದು, ಒಂದು ಗ್ರಾಂಗೆ ಒಂದು ಎಂಎಲ್ ಮೂತ್ರ ಅಂತ ಹಿಡಿಯಬೇಕು. ಅಲಾರಂ ಹೊಡೆದಾಗಲೆಲ್ಲ ನಾನು ಮಾನಿಟರ್ ಕಡೆ ಓಡುತ್ತಿದ್ದೆ. "ಮೊದಲು ಮಗು ನೋಡು, ಆಮೇಲೆ ನಂಬರ್" ಅಂತ ಹಿರಿಯ ಸಿಸ್ಟರ್ ಎಷ್ಟು ಸಲ ಹೇಳಿದರೋ. ಎಷ್ಟೋ ಸಲ ಮಗು ಉಸಿರಾಡುವುದನ್ನು ಮರೆತಿರುತ್ತದೆ, ಅಷ್ಟೇ. ಅಂಗಾಲು ಮೆಲ್ಲಗೆ ಉಜ್ಜಿದರೆ ನೆನಪಾಗುತ್ತದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಹೆರಿಗೆ ವಾರ್ಡ್‌ನಲ್ಲಿದ್ದಾಗ ನನಗೆ ಎನ್‌ಐಸಿಯುದವರ ಫೋನ್ ಅಂದರೆ ಕಿರಿಕಿರಿ. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಕೊಡುವ ಸ್ಟೀರಾಯ್ಡ್ ಎರಡನೇ ಡೋಸ್ ಎಷ್ಟು ಗಂಟೆಗೆ? ನೀರು ಒಡೆದದ್ದು ಯಾವಾಗ? ತಾಯಿಗೆ ಜ್ವರ ಇತ್ತಾ? ಇಲ್ಲಿ ಮಾಸು ಇನ್ನೂ ಬಿದ್ದಿಲ್ಲ, ಪಕ್ಕದ ಬೆಡ್‌ನಲ್ಲಿ ಇನ್ನೊಬ್ಬಳು ಚೀರುತ್ತಿದ್ದಾಳೆ, ಇವರಿಗೆ ಗಂಟೆ ನಿಮಿಷದ ಲೆಕ್ಕ ಬೇಕು! "ಕೇಸ್ ಶೀಟ್‌ನಲ್ಲಿದೆ ನೋಡಿಕೊಳ್ಳಿ" ಅಂತ ಇಟ್ಟುಬಿಡುತ್ತಿದ್ದೆ. ರಿಜಿಸ್ಟರ್‌ನಲ್ಲಿ "ಮಗುವನ್ನು ಎನ್‌ಐಸಿಯುಗೆ ಕಳಿಸಲಾಗಿದೆ" ಅಂತ ಒಂದು ಸಾಲು. ಅಲ್ಲಿಗೆ ಆ ಮಗು ನನ್ನ ಮಟ್ಟಿಗೆ ಮುಗಿಯಿತು.

ನಾಲ್ಕನೇ ತಿಂಗಳು, ರಾತ್ರಿ ಪಾಳಿ. ಹನ್ನೊಂದರ ಸುಮಾರಿಗೆ ನನ್ನ ಹಳೆಯ ವಾರ್ಡ್‌ನಿಂದ ಕರೆ: "28 ವಾರ, ಫುಲ್ ಆಗಿದೆ, ಬೇಗ ಬನ್ನಿ." ಫುಲ್ ಅಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ ಅಂತ. ಟ್ರಾನ್ಸ್‌ಪೋರ್ಟ್ ಇನ್‌ಕ್ಯುಬೇಟರ್ ತಳ್ಳಿಕೊಂಡು ಡಾಕ್ಟರ್ ಜೊತೆ ಓಡಿದೆ. ಒಳಗೆ ಹೋದವಳೇ ಕೇಳಿದ ಮೊದಲ ಪ್ರಶ್ನೆ, "ಸ್ಟೀರಾಯ್ಡ್ ಎರಡನೇ ಡೋಸ್ ಎಷ್ಟು ಗಂಟೆಗೆ?" ಹಳೆಯ ಗೆಳತಿ ಹುಬ್ಬು ಗಂಟಿಕ್ಕಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಏಳು ವರ್ಷ ನನ್ನದೇ ಆಗಿತ್ತು. ಮೊದಲನೆಯದು ಬೆಳಿಗ್ಗೆ ಆರೂವರೆಗೆ ಕೊಟ್ಟಿದ್ದರಂತೆ. ಎರಡನೆಯದು 24 ಗಂಟೆ ಬಿಟ್ಟು, ಅಂದರೆ ಮರುದಿನ ಬೆಳಿಗ್ಗೆ. ಮಗುವಿನ ಶ್ವಾಸಕೋಶಕ್ಕೆ ಸಿಕ್ಕಿದ್ದು ಅರ್ಧ ತಯಾರಿ.

ತಾಯಿ ಬೆಡ್‌ನ ಕಂಬಿ ಹಿಡಿದು ನರಳಿದಳು. ನನ್ನ ಕಾಲು ತಾನಾಗಿಯೇ ಅವಳ ತಲೆಯ ಹತ್ತಿರಕ್ಕೆ ಹೋಯಿತು, ಬಾಯಲ್ಲಿ "ಮುಕ್ಕಮ್ಮಾ" ಬಂದೇಬಿಟ್ಟಿತ್ತು. ಡಾಕ್ಟರ್ ನನ್ನ ತೋಳು ಹಿಡಿದು, ಕೂಸನ್ನು ಬೆಚ್ಚಗಿಡುವ ವಾರ್ಮರ್ ಕಡೆ ತಿರುಗಿಸಿದರು. ನನ್ನ ಜಾಗ ಈಗ ಅದು, ಅವಳಿಗೆ ಬೆನ್ನು ಹಾಕಿ.

ಮಗು ಬಂತು. ತಿಂಗಳು ತುಂಬಿದ ಕೂಸಾದರೆ ಒರೆಸುತ್ತೇವೆ. ಇಷ್ಟು ಚಿಕ್ಕದನ್ನು ಒರೆಸದೆ ಹಾಗೇ ಪ್ಲಾಸ್ಟಿಕ್ ಚೀಲದೊಳಗೆ ಕತ್ತಿನವರೆಗೆ ಇಳಿಸಿ ತಲೆಗೆ ಟೋಪಿ ಹಾಕುತ್ತೇವೆ, ಮೈ ಬಿಸಿ ಆರದಿರಲಿ ಅಂತ. ಅಳಲಿಲ್ಲ. ಎದೆಬಡಿತ ನೂರಕ್ಕಿಂತ ಕಮ್ಮಿ. ಮಾಸ್ಕ್ ಇಟ್ಟೆ. ಉಸಿರು ಕೊಡುವುದನ್ನು ಹುಟ್ಟಿದ ಅರವತ್ತು ಸೆಕೆಂಡಿನೊಳಗೆ ಶುರು ಮಾಡಬೇಕು. ಬಣ್ಣ ನೀಲಿಯೇ ಇತ್ತು, ಆದರೆ ಅದಕ್ಕೆ ಈಗ ನಾನು ಹೆದರುವುದಿಲ್ಲ. ಒಂದನೇ ನಿಮಿಷಕ್ಕೆ ರಕ್ತದ ಆಕ್ಸಿಜನ್ 60–65 ಇರುವುದೇ ಸಹಜ, ಐದನೇ ನಿಮಿಷಕ್ಕೆ 80–85 ಆದರೆ ಸಾಕು. ಬಡಿತ ಏರಿತು. ಆದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಡಾಕ್ಟರ್ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದರು, ಶ್ವಾಸಕೋಶ ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಔಷಧಿ ಕೊಡಬೇಕಿತ್ತು.

ಆಗ ಬೆನ್ನ ಹಿಂದಿನಿಂದ, "ಅತ್ತಿತಾ ಸಿಸ್ಟರ್?"

ತಿರುಗುವ ಹಾಗಿರಲಿಲ್ಲ, ನನ್ನ ಎರಡು ಬೆರಳು ಟ್ಯೂಬನ್ನು ತುಟಿಗೆ ಒತ್ತಿ ಹಿಡಿದಿದ್ದವು. ಗೆಳತಿಯೇ ಉತ್ತರ ಕೊಟ್ಟಳು: "ಡಾಕ್ಟರ್ ನೋಡ್ತಿದಾರೆ ಕಣಮ್ಮಾ." ಏಳು ವರ್ಷದಲ್ಲಿ ಎಷ್ಟು ಜನರಿಗೆ ಆ ಮಾತು ಹೇಳಿದ್ದೇನೋ ಲೆಕ್ಕವಿಲ್ಲ. ಸಮಾಧಾನ ಅಂದುಕೊಂಡೇ ಹೇಳುತ್ತಿದ್ದೆ. ದೂರ ನಿಂತು ಕೇಳಿದರೆ ಅದು ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ.

ಇನ್‌ಕ್ಯುಬೇಟರನ್ನು ಹೊರಗೆ ತಳ್ಳುವ ಮುಂಚೆ ತಾಯಿಯ ಪಕ್ಕ ಅರ್ಧ ನಿಮಿಷ ನಿಲ್ಲಿಸಿದೆ. ಅವಳು ಗಾಜಿಗೆ ಅಂಗೈ ಒತ್ತಿದಳು. "ಅತ್ತಿಲ್ಲ. ಉಸಿರಿಗೆ ಸಹಾಯ ಕೊಡ್ತಿದೀವಿ, ಎದೆಬಡಿತ ಚೆನ್ನಾಗಿದೆ" ಅಂದೆ. ಅವಳು ತಲೆಯಾಡಿಸಿದಳು. ಅರ್ಥವಾಯಿತೋ ಇಲ್ಲವೋ.

ರಾತ್ರಿ ಮೂರಕ್ಕೆ ಫೋನ್. ಗೆಳತಿ. ಇನ್ನೊಂದು ಕೇಸ್ ಇರಬೇಕು ಅಂತ ಎದ್ದು ನಿಂತೆ. "ಏನಿಲ್ಲ. ಆ ಕೂಸು ಹೇಗಿದೆ?" ಅಂದಳು. ಏಳು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ಫೋನ್ ಮಾಡಿರಲಿಲ್ಲ. ಕೊಡುತ್ತಿರುವ ಗಾಳಿಯಲ್ಲಿ ಆಕ್ಸಿಜನ್ ನಲವತ್ತರಿಂದ ಮೂವತ್ತು ಪರ್ಸೆಂಟಿಗೆ ಇಳಿಸಿದ್ದೇವೆ, ಅಷ್ಟು ಸಾಕಾಗುತ್ತಿದೆ ಅಂತ ಹೇಳಿದೆ. "ಅವಳಿಗೆ ಹೇಳ್ತೀನಿ, ಮಲಗಿಲ್ಲ ಇನ್ನೂ" ಅಂದಳು.

ಬೆಳಿಗ್ಗೆ ತಾಯಿ ವೀಲ್‌ಚೇರ್‌ನಲ್ಲಿ ಬಂದಳು. ಮುಷ್ಟಿಯಲ್ಲಿ ಒಂದು ಸಿರಿಂಜ್, ಅದರಲ್ಲಿ ಹಳದಿ ಬಣ್ಣದ ಮೊದಲ ಹಾಲು, 0.4 ಎಂಎಲ್. "ಇಷ್ಟೇ ಬಂದಿದ್ದು" ಅಂತ ನಾಚಿಕೊಂಡಳು. ಇಷ್ಟೇ ಅಲ್ಲ, ಕೆನ್ನೆಯ ಒಳಗೆ ಸವರಲು ಎರಡು ಸಲಕ್ಕಾಗುತ್ತದೆ ಅಂದೆ. ಹಾಸಿಗೆ ಸರಿಮಾಡುವಾಗ ಮಗುವಿನ ಹಣೆ ಸುಕ್ಕಾಯಿತು, ಬಾಯಿ ಅಗಲವಾಯಿತು, ಗಲ್ಲ ನಡುಗಿತು.

ಅವಳು ಮುಂದಕ್ಕೆ ಬಾಗಿದಳು. "ಅಳ್ತಿದೆ ಅಲ್ವಾ? ಶಬ್ದ ಯಾಕಿಲ್ಲ?"

ಟ್ಯೂಬ್ ಧ್ವನಿತಂತುಗಳ ನಡುವೆ ಹಾದುಹೋಗಿದೆ, ಅದು ಇರುವವರೆಗೂ ದನಿ ಬರುವುದಿಲ್ಲ ಅಂತ ಹೇಳಿದೆ. ಕೈ ತೊಳೆಸಿ, ಒಂದು ಅಂಗೈಯನ್ನು ಮಗುವಿನ ತಲೆಗೆ, ಇನ್ನೊಂದನ್ನು ಪಾದಗಳಿಗೆ ಇಡಿಸಿದೆ. ಸವರಬೇಡಿ, ಸುಮ್ಮನೆ ಇಟ್ಟಿರಿ. ಅವಳು ಉಸಿರು ಬಿಗಿಹಿಡಿದು ಇಟ್ಟುಕೊಂಡಳು. ನಾನು ಮಾನಿಟರ್ ನೋಡಲಿಲ್ಲ, ಮಗುವಿನ ಹಣೆ ನೋಡುತ್ತಿದ್ದೆ.