ಕಿರುಚಿತ್ರದ ಕೆಲಸ: ಪಡಸಾಲೆ ಸೀನಿಗೆ ಕ್ಯಾಮೆರಾ ಎಲ್ಲಿಡೋದು?

ಪಡಸಾಲೆ ಸೀನಿನ ಟೆಸ್ಟ್ ಶೂಟ್ ಮುಗಿಯಿತು. ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಅಪ್ಪನ ಆಸ್ತಿಯಲ್ಲಿ ಪಾಲು ಬೇಡ ಅಂತ ಅಕ್ಕನ ಕೈಲಿ ಸಹಿ ಹಾಕಿಸಿಕೊಳ್ಳಲು ತಮ್ಮ ಕಾಗದ ಹಿಡಿದು ಬರುತ್ತಾನೆ. ಅಕ್ಕ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಅವನು ನಿಂತೇ ಮಾತಾಡುತ್ತಾನೆ. ಜಗಳ ಇಲ್ಲ, ಕೂಗಾಟ ಇಲ್ಲ. ಹಾಗಾಗಿ ಯಾರ ಕೈ ಮೇಲು ಅನ್ನೋದನ್ನು ಕ್ಯಾಮೆರಾನೇ ಹೇಳಬೇಕು.

ಯೂಟ್ಯೂಬ್ ಪಾಠಗಳು ಹೆಚ್ಚಾಗಿ ಒಂದೇ ಸೂತ್ರ ಒಪ್ಪಿಸುತ್ತವೆ. ಕೆಳಗಿನಿಂದ ತೆಗೆದರೆ ಬಲಶಾಲಿ, ಮೇಲಿನಿಂದ ತೆಗೆದರೆ ಪಾಪದವನು. ಅದನ್ನೇ ನಂಬಿದರೆ ತಮ್ಮನಿಗೆ ಲೋ ಆ್ಯಂಗಲ್, ಅಕ್ಕನಿಗೆ ಹೈ ಆ್ಯಂಗಲ್, ಮುಗೀತು. ಆದರೆ 1941ರ ಅಮೆರಿಕನ್ ಚಿತ್ರ ‘ಸಿಟಿಜನ್ ಕೇನ್’ನಲ್ಲಿ ನಾಯಕ ಕೇನ್ ಚುನಾವಣೆ ಸೋತ ರಾತ್ರಿಯ ದೃಶ್ಯ ನೋಡಿ. ಕೇನ್‌ಗೂ ಅವನ ಹಳೇ ಗೆಳೆಯ ಲೀಲ್ಯಾಂಡ್‌ಗೂ ಮಾತು ನಡೆಯುತ್ತದೆ. ಕ್ಯಾಮೆರಾ ಇನ್ನೂ ಕೆಳಗೆ ಹೋಗಲಿ ಅಂತ ನಿರ್ದೇಶಕ ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲ್ಯಾಂಡ್ ಸೆಟ್ಟಿನ ನೆಲವನ್ನೇ ಕೊರೆಸಿದ್ದರು. ಕೇನ್ ಭಾರೀ ಆಳಾಗಿ ಕಾಣುತ್ತಾನೆ. ಆದರೆ ಅವನು ಆಗಷ್ಟೇ ಸೋತು ಬಂದವನು! ತಲೆ ಮೇಲೆ ಛಾವಣಿ ಒತ್ತಿಕೊಂಡಿದೆ. ಆಗಿನ ಸ್ಟುಡಿಯೋ ಸೆಟ್ಟುಗಳಿಗೆ ಛಾವಣಿ ಇರುತ್ತಿದ್ದದ್ದೇ ಅಪರೂಪ, ಲೈಟು ಮೈಕು ಎಲ್ಲ ಅಲ್ಲೇ ತೂಗುತ್ತಿದ್ದವು. ಇವರು ಮಸ್ಲಿನ್ ಬಟ್ಟೆ ಬಿಗಿದು ಛಾವಣಿ ಮಾಡಿ, ಮೈಕನ್ನು ಅದರ ಮೇಲೆ ಅಡಗಿಸಿದರು.

ನಮ್ಮ ಲೊಕೇಶನ್ ಹಳೇ ಮನೆ, ತೊಲೆಗಳು ತಗ್ಗು. ಮೊದಲು ಫೋನನ್ನು ಮೊರದ ಪಕ್ಕ ನೆಲಕ್ಕಿಟ್ಟು 0.5 ಲೆನ್ಸಿನಲ್ಲಿ (ತುಂಬ ಅಗಲ ಹಿಡಿಯುವ ಲೆನ್ಸ್) ಮೇಲಕ್ಕೆ ಓರೆ ಮಾಡಿದೆವು. ತಮ್ಮನ ಕಾಲುಗಳೇ ಅರ್ಧ ಫ್ರೇಮು, ಪಕ್ಕಾ ವಿಲನ್. ಆಮೇಲೆ ಗೋಡೆಯವರೆಗೆ ಹಿಂದೆ ಸರಿದು ಮಾಮೂಲಿ ಲೆನ್ಸ್ ಹಾಕಿದಾಗ ತೊಲೆ ಅವನ ನೆತ್ತಿಗೇ ತಾಗಿದಂತೆ ಬಂತು. ಈಗ ಅವನು ಗದರಿಸಲು ಬಂದವನಲ್ಲ, ಎಲ್ಲೋ ಸಾಲ ಮಾಡಿಕೊಂಡು ಸಿಕ್ಕಿಹಾಕಿಕೊಂಡವನು. ಎರಡೂ ಲೋ ಆ್ಯಂಗಲ್ಲೇ, ಅಲ್ವಾ? ಎರಡನೆಯದನ್ನೇ ಇಟ್ಟುಕೊಂಡಿದ್ದೇವೆ.

ಅಕ್ಕನ ಶಾಟ್‌ಗೆ ನೆರವಾದದ್ದು ಜಪಾನಿನ ನಿರ್ದೇಶಕ ಓಜು. ಅವರ ‘ಟೋಕಿಯೊ ಸ್ಟೋರಿ’ಯಲ್ಲಿ (1953) ಕ್ಯಾಮೆರಾ ಚಾಪೆ ಮೇಲೆ ಕೂತವರ ಮಟ್ಟಕ್ಕೆ ಇಳಿದಿರುತ್ತದೆ. ಆದರೆ ಹೆಚ್ಚಾಗಿ ಯಾರನ್ನೂ ತಲೆಯೆತ್ತಿ ನೋಡುವುದಿಲ್ಲ, ನೇರವಾಗಿ ನೋಡುತ್ತದೆ. ಕ್ಯಾಮೆರಾದ ಎತ್ತರ ಬೇರೆ, ಓರೆ ಬೇರೆ. ನಾವು ಎರಡು ಮಣೆ ಪೇರಿಸಿ ಅದರ ಮೇಲೆ ಫೋನಿಟ್ಟೆವು, ಓರೆ ಮಾಡಲೇ ಇಲ್ಲ. ಅಕ್ಕ ಪೂರ್ತಿ ಫ್ರೇಮಿನಲ್ಲಿದ್ದಾಳೆ. ತಮ್ಮನದು ಸೊಂಟದ ಕೆಳಗಿನ ಭಾಗ ಮತ್ತು ಕಾಗದ ಹಿಡಿದ ಕೈ ಅಷ್ಟೇ. ದನಿ ಕೇಳುತ್ತದೆ, ಮುಖ ಇಲ್ಲ. ಸಹಿ ಬೇಕಂದ್ರೆ ಅವನು ಕುಕ್ಕರಗಾಲಲ್ಲಿ ಕೂತು ಅವಳ ಫ್ರೇಮಿಗೆ ಬರಲೇಬೇಕು. ಸ್ಕ್ರಿಪ್ಟಿನಲ್ಲಿ ಇಲ್ಲದ ಈ ಬಾಗುವಿಕೆ ನನಗೆ ಇಡೀ ಸೀನಿಗಿಂತ ಇಷ್ಟವಾಯಿತು. ಇದಕ್ಕಾಗಿ ಅವನ ಎರಡು ಡೈಲಾಗ್ ಕಿತ್ತುಹಾಕಿದೆ.

ಕ್ಲೋಸಪ್ ಒಂದೇ ಒಂದು. ಅದೂ ಮುಖದ್ದಲ್ಲ, ಕಾಯಿ ಸುಲಿಯುತ್ತಿದ್ದ ಹೆಬ್ಬೆರಳು ನಿಂತುಬಿಡುವುದು. ಅಕ್ಕನ ಪಾತ್ರ ಮಾಡುತ್ತಿರುವ ಚಿಕ್ಕಮ್ಮನಿಗೆ ಬೇಜಾರು. “ಸೀರೆ ಉಟ್ಕೊಂಡು ಬಂದಿದ್ದು ಬೆರಳು ತೋರ್ಸೋಕೇನೋ?” ಅಂದರು.

ಸಹಿ ಆದ ಮೇಲೆ ಇಬ್ಬರನ್ನೂ ದೂರ ದೂರ ನಿಲ್ಲಿಸಿದ ವೈಡ್ ಶಾಟ್ ಇದೆ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಯಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ ಕೋಲಿನಂಥ ಬೆಳಕು ಬೀಳಿಸಿದ್ದರು. ಸಿನೆಮಾಸ್ಕೋಪ್‌ನ ಆ ಅಗಲ ಪರದೆಯಲ್ಲಿ ನಾಯಕ-ನಾಯಕಿಯ ನಡುವಿನ ಖಾಲಿ ಜಾಗವೇ ಮಾತಾಡುತ್ತದೆ. ನಾವೂ ಬೀರುವಿನ ಕನ್ನಡಿ ಬಿಚ್ಚಿ ಅಂಗಳದಲ್ಲಿ ಹಿಡಿದೆವು. ಬೆಳಕು ಬಂತು, ಆದರೆ ಕೋಲು ಕಾಣಬೇಕಂದ್ರೆ ಗಾಳಿಯಲ್ಲಿ ಹೊಗೆ ಬೇಕು. ಸಾಂಬ್ರಾಣಿ ಹಾಕಿದ್ದಕ್ಕೆ ಎಲ್ಲರೂ ಕೆಮ್ಮಿದರು. ಸದ್ಯ, ಆ ಶಾಟ್‌ಗೆ ಡೈಲಾಗ್ ಇಲ್ಲ.

ಬಾಕಿ ಇರೋದು ಕೊನೇ ಶಾಟ್. ಅಟ್ಟದಿಂದ ಟಾಪ್ ಆ್ಯಂಗಲ್ ಬೇಕೇಬೇಕು ಅಂತ ಎಡಿಟಿಂಗ್ ಮಾಡುವ ಗೆಳೆಯನ ಹಟ. ಇಷ್ಟು ಹೊತ್ತು ನೆಲದ ಮೇಲೆ ಅಕ್ಕನ ಜೊತೆ ಕೂತಿದ್ದ ಕ್ಯಾಮೆರಾ ದಿಢೀರ್ ಅಂತ ಅಟ್ಟ ಹತ್ತಿದರೆ ಅವಳನ್ನು ಬಿಟ್ಟುಹೋದಂತೆ ಆಗುತ್ತದೆ ಅನ್ನೋದು ನನ್ನ ವಾದ. ಮುಂದಿನ ಭಾನುವಾರ ಅಟ್ಟದಿಂದಲೂ ನೆಲದಿಂದಲೂ ಎರಡೂ ಥರ ಶೂಟ್ ಮಾಡಿ, ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ ಕೇಳುವುದು ಅಂತ ಆಗಿದೆ.