ಮೈ ತಣ್ಣಗಾದ ಇಲಿ

ಮದ್ದೂರು ಕಡೆಯ ಹಳ್ಳಿಯವನು ನಾನು. ಆರು ವರ್ಷದಿಂದ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಅನಿಮಲ್ ಹೌಸ್, ಅಂದರೆ ಡೆಂಗ್ಯೂ ಪ್ರಯೋಗದ ಇಲಿಗಳ ಮನೆ, ನೋಡಿಕೊಳ್ಳೋ ಕೆಲಸ. ಶುರುವಿನಲ್ಲಿ ಅಪ್ಪ "ಏನ್ ಕೆಲ್ಸ ಕಣ್ಲಾ ನಿಂದು?" ಅಂತ ಕೇಳಿದಾಗ ಸುಮ್ನೆ "ಇಲಿ ಸಾಕೋದು" ಅಂದುಬಿಟ್ಟೆ. ಅಪ್ಪನೋ, ಭತ್ತದ ಗದ್ದೆ ಬದುವಿನ ಬಿಲಕ್ಕೆ ಹೊಗೆ ಹಾಕಿ ಇಲಿ ಓಡಿಸಿಕೊಂಡೇ ಬದುಕಿದವನು. "ಬೆಟ್ಟ ಅಗೆದು ಇಲಿ ಹಿಡಿದ್ರು ಅನ್ನೋದ ಕೇಳಿದ್ದೆ. ನೀನು ಇಲಿ ಇಟ್ಕಂಡು ಬೆಟ್ಟ ಅಗೀತೀಯ ಬುಡು" ಅಂದ. ಊರಿಗೆ ಹೋದಾಗಲೆಲ್ಲ ಇದೇ ಮಾತು.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಡೆಂಗ್ಯೂ ಬಂತು. ಹಿತ್ತಲಲ್ಲಿ ಅಣ್ಣ ಗುಡ್ಡೆ ಹಾಕಿದ್ದ ಎಳನೀರು ಬುರುಡೆ, ಮುಚ್ಚಳ ಇಲ್ಲದ ಡ್ರಮ್ಮು. ಸೊಳ್ಳೆಗೆ ಇನ್ನೇನು ಬೇಕು? ಅಣ್ಣ, ಅತ್ತಿಗೆ ಇಬ್ಬರಿಗೂ ಒಂದೇ ವಾರದಲ್ಲಿ ಜ್ವರ. ಡೆಂಗ್ಯೂ ಪತ್ತೆ ಮಾಡೋ ರಕ್ತಪರೀಕ್ಷೆ ಎನ್‌ಎಸ್‌1 ಇಬ್ಬರದೂ ಪಾಸಿಟಿವ್. ಅತ್ತಿಗೆ ನಾಲ್ಕು ದಿನ ಮಲಗಿದ್ದು ಐದನೇ ದಿನ ಎದ್ದು ಮುದ್ದೆ ತೊಳಸಿದರು. ಅಣ್ಣನ ಜ್ವರವೂ ಐದನೇ ದಿನಕ್ಕೇ ಬಿಟ್ಟಿತು. ಸಂಜೆ ಫೋನ್ ಮಾಡಿದರೆ ಅವ್ವ ಖುಷಿಯಲ್ಲಿದ್ದಳು. "ಜ್ವರ ಬುಟ್ಟೋಯ್ತು ಕನಪ್ಪ, ಕೈಕಾಲೆಲ್ಲ ತಣ್ಣಗವೆ." ನಾನು "ಒಳ್ಳೇದಾಯ್ತು ಬಿಡವ್ವ" ಅಂತ ಹೇಳಿ ಫೋನ್ ಇಟ್ಟೆ.

ನಾನು, ದಿನಾ ಬೆಳಿಗ್ಗೆ ಎದ್ದು ತಣ್ಣಗಾದ ಇಲಿ ಹುಡುಕೋದೇ ಕೆಲಸ ಆಗಿರೋ ನಾನು, ಹಾಗಂದೆ.

ಆ ಕೆಲಸ ಹೇಗಿರುತ್ತೆ ಅಂತ ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಬಟ್ಟೆ ಬದಲಿಸಿ, ಗೌನು, ಮಾಸ್ಕು, ಎರಡು ಜೊತೆ ಗ್ಲೌಸ್ ಹಾಕಿಕೊಂಡು ಒಳಗೆ ಹೋಗಬೇಕು. ರ್‍ಯಾಕಿನಿಂದ ಕೇಜ್ ಎಳೆದು, ಬಾಲದ ಬುಡ ಹಿಡಿದು ಇಲಿ ಎತ್ತಿ, ತಕ್ಕಡಿ ಮೇಲಿನ ಡಬ್ಬಿಗೆ ಬಿಡಬೇಕು. 22 ಗ್ರಾಂ. ಬರೆದುಕೋ. ಕೂದಲು ನೆಟ್ಟಗೆ ನಿಂತಿದೆಯಾ? ಬೆನ್ನು ಗೂನಾಗಿದೆಯಾ? ಕಣ್ಣು ಅರ್ಧ ಮುಚ್ಚಿದೆಯಾ? ಒಂದೊಂದಕ್ಕೂ ಅಂಕ. ಆಮೇಲೆ ಮೈ ಶಾಖ. ಹೊಸದರಲ್ಲಿ ನಾನು ಜ್ವರದ ಇಲಿ ಅಂದರೆ ಸುಡ್ತಾ ಇರುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಕಾಯಿಲೆ ಜೋರಾದ ಇಲಿಯ ಮೈ ತಣ್ಣಗಾಗುತ್ತದೆ. ಅಷ್ಟು ಚಿಕ್ಕ ದೇಹಕ್ಕೆ ಶಾಖ ಹಿಡಿದಿಟ್ಟುಕೊಳ್ಳೋಕೆ ಆಗೋದಿಲ್ಲ. ಗ್ಲೌಸಿನ ಮೇಲೇ ಗೊತ್ತಾಗುತ್ತೆ, ಅಂಗೈಯಲ್ಲಿ ಒದ್ದೆ ಹತ್ತಿ ಇಟ್ಟ ಹಾಗೆ. ತೂಕ ನೂರಕ್ಕೆ ಇಪ್ಪತ್ತರಷ್ಟು ಇಳಿದರೆ, ಅಥವಾ ಮೈ ತಣ್ಣಗಾಗಿ ಮುಟ್ಟಿದರೂ ಅಲುಗದಿದ್ದರೆ, ಸಾಯೋವರೆಗೆ ಕಾಯೋ ಹಾಗಿಲ್ಲ. ನೋವಾಗದ ಹಾಗೆ ಮುಗಿಸಬೇಕು. ನಮ್ಮ ಎಥಿಕ್ಸ್ ಕಮಿಟಿಯ ನಿಯಮ. ಮೊದಲ ವರ್ಷ ಅಂಥ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈಗ ಸೇರುತ್ತೆ.

ಇವು ಮಾಮೂಲಿ ಇಲಿಗಳಲ್ಲ. ಬೆಳೆದ ಮಾಮೂಲಿ ಇಲಿಗೆ ಡೆಂಗ್ಯೂ ವೈರಸ್ ಚುಚ್ಚಿದರೆ ಸಾಮಾನ್ಯವಾಗಿ ಅದಕ್ಕೆ ಹೆಚ್ಚೇನೂ ಆಗೋದಿಲ್ಲ. ವೈರಸ್ ನುಗ್ಗಿದ ಜೀವಕೋಶ ಇಂಟರ್‌ಫೆರಾನ್ ಅನ್ನೋ ವಸ್ತು ಬಿಟ್ಟು, ಕಳ್ಳ ಬಂದ ಅಂತ ಅಕ್ಕಪಕ್ಕದವರನ್ನು ಕೂಗುತ್ತದೆ. ಮನುಷ್ಯರಲ್ಲಿ ಡೆಂಗ್ಯೂ ವೈರಸ್ ಈ ಕೂಗು ಒಳಕ್ಕೆ ಮುಟ್ಟದ ಹಾಗೆ ಮಾಡುತ್ತದೆ. ಕೂಗನ್ನು ಒಳಗೆ ಸಾಗಿಸೋ ಸ್ಟಾಟ್2 ಅನ್ನೋ ಪ್ರೋಟೀನನ್ನೇ ನಾಶ ಮಾಡಿಬಿಡುತ್ತದೆ. ಇಲಿಯ ಸ್ಟಾಟ್2 ಸ್ವಲ್ಪ ಬೇರೆ, ವೈರಸ್ಸಿನ ಕೈಗೆ ಸಿಗೋದಿಲ್ಲ. ಅದಕ್ಕೇ ಡೆಂಗ್ಯೂ ಪ್ರಯೋಗಕ್ಕೆ ವಿಜ್ಞಾನಿಗಳು ಆ ಕೂಗು ಕೇಳಿಸಿಕೊಳ್ಳೋ ಕಿವಿಯೇ ಇಲ್ಲದ ಇಲಿ ತಳಿ ಬಳಸುತ್ತಾರೆ. ಎಜಿ129 ಅಂತ ಅದರ ಹೆಸರು. ಬಿಳಿ ಅಲ್ಲ, ನಮ್ಮ ಅಡುಗೆಮನೆ ಸುಂಡಿಲಿಯ ಮಣ್ಣಿನ ಬಣ್ಣವೇ.

ಕಿವುಡು ಇಲಿಯಿಂದ ಮನುಷ್ಯರ ಬಗ್ಗೆ ಏನು ಗೊತ್ತಾಗುತ್ತೆ? ನಾನೂ ಇದನ್ನೇ ಕೇಳಿದ್ದೆ. ಎಲ್ಲ ಗೊತ್ತಾಗೋದಿಲ್ಲ. ಆದರೆ 2010ರಲ್ಲಿ ಇದೇ ತಳಿಯಲ್ಲಿ ಒಂದು ದೊಡ್ಡ ಸಂಗತಿ ತೋರಿಸಿದರು. ಡೆಂಗ್ಯೂ ವಿರುದ್ಧದ ಆಂಟಿಬಾಡಿ, ಅಂದರೆ ಮೈ ತಾನೇ ವೈರಸ್ ಎದುರಿಸೋಕೆ ಮಾಡಿಕೊಳ್ಳೋ ಪ್ರೋಟೀನು, ಮೊದಲು ಸ್ವಲ್ಪವೇ ಕೊಟ್ಟು ಆಮೇಲೆ ವೈರಸ್ ಕೊಟ್ಟರೆ, ಕಾಯಿಲೆ ಕಡಿಮೆ ಆಗೋ ಬದಲು ಜಾಸ್ತಿ ಆಯಿತು. ಡೆಂಗ್ಯೂದಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವನಿಗೆ ಇನ್ನೊಂದು ಬಗೆ ಬಂದಾಗ ಅಪಾಯ ಯಾಕೆ ಹೆಚ್ಚು ಅನ್ನೋದಕ್ಕೆ ಇದು ಕಣ್ಣೆದುರಿನ ಪುರಾವೆ.

ಅಣ್ಣನಿಗೆ ಮೈಸೂರಲ್ಲಿ ಐಟಿಐ ಓದುವಾಗ ಒಮ್ಮೆ ಡೆಂಗ್ಯೂ ಬಂದಿತ್ತು. ಅತ್ತಿಗೆಗೆ ನಮಗೆ ತಿಳಿದ ಹಾಗೆ ಇದೇ ಮೊದಲು.

ಇದು ಹೊಳೆದದ್ದು ಅವತ್ತು ರಾತ್ರಿ ಹನ್ನೊಂದಕ್ಕೆ. ಮಾರನೇ ದಿನದ ಕೇಜ್ ಪಟ್ಟಿ ನೋಡುತ್ತಾ ಮಲಗಿದ್ದೆ. 'ತಣ್ಣಗಿದೆ' ಅನ್ನೋ ಕಾಲಂ ಕಣ್ಣಿಗೆ ಬಿತ್ತು. ಎದ್ದು ಕೂತೆ. ಫೋನ್ ಮಾಡಿ ಅಪ್ಪನನ್ನು ಎಬ್ಬಿಸಿದೆ. ಅಣ್ಣನಿಗೆ ಸಂಜೆಯಿಂದ ಹೊಟ್ಟೆ ನೋವು, ಎರಡು ಸಲ ವಾಂತಿ, ಮಧ್ಯಾಹ್ನದಿಂದ ಮೂತ್ರ ಹೋಗಿಲ್ಲ. "ಸುಸ್ತು ಕಣ್ಲಾ, ಮಲಗವ್ನೆ" ಅಂದ ಅಪ್ಪ. ನಾನು ಯಾವತ್ತೂ ಅಪ್ಪನ ಮೇಲೆ ಕಿರುಚಿದವನಲ್ಲ. ಅವತ್ತು ಕಿರುಚಿದೆ.

ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯಕ್ಕೆ ಹೋದರು. ಪ್ಲೇಟ್‌ಲೆಟ್ 38 ಸಾವಿರ. ಅದಕ್ಕಿಂತ ಡಾಕ್ಟರಿಗೆ ಚಿಂತೆ ಆಗಿದ್ದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನೋ ಅಳತೆ. ರಕ್ತನಾಳದಿಂದ ನೀರು ಸೋರಿ ರಕ್ತ ಗಟ್ಟಿಯಾಗುತ್ತಿತ್ತು, ಬಿಪಿ ಇಳಿಯುತ್ತಿತ್ತು. ಡೆಂಗ್ಯೂದಲ್ಲಿ ಜ್ವರ ಬಿಡೋ ಹೊತ್ತೇ ಕೆಟ್ಟ ಹೊತ್ತು. ಅಣ್ಣನ ಕೈ ತಣ್ಣಗಾದದ್ದು ಅದಕ್ಕೆ. ಇಲಿ ತಣ್ಣಗಾಗೋ ಕಾರಣವೇ ಬೇರೆ, ಎರಡನ್ನೂ ಒಂದು ಮಾಡೋ ಹಾಗಿಲ್ಲ. ಆದರೂ ನನ್ನನ್ನು ಎಬ್ಬಿಸಿದ್ದು ಇಲಿಯೇ. ಅಳೆದು ಅಳೆದು ಡ್ರಿಪ್ ಕೊಟ್ಟು, ಮೂರು ದಿನ ಇಟ್ಟುಕೊಂಡು ಕಳಿಸಿದರು.

ಈಗ ಅವ್ವನ ಪ್ರಕಾರ ಅಣ್ಣನನ್ನು ಉಳಿಸಿದ್ದು ಪರಂಗಿ ಎಲೆ ರಸ. ಅತ್ತಿಗೆಯೂ ಅದನ್ನೇ ಕುಡಿದಿದ್ದರು, ಅಣ್ಣನೂ ಮೊದಲ ದಿನದಿಂದ ಅದನ್ನೇ ಕುಡಿದಿದ್ದ. ನಮ್ಮ ಲ್ಯಾಬಿನಲ್ಲಾದರೆ ರಸ ಕುಡಿಯದ ಒಂದು ಗುಂಪು ಇರಬೇಕಿತ್ತು. ಅವ್ವನ ಹತ್ತಿರ ಕಂಟ್ರೋಲ್ ಗ್ರೂಪ್ ಕೇಳೋಕಾಗುತ್ತಾ?

ಅಪ್ಪ ಕೇಳಿದ್ದು ಬೇರೆ. "ಒಂದೇ ಮನೆ, ಒಂದೇ ಸೊಳ್ಳೆ. ಅವಳಿಗೆ ಏನೂ ಆಗ್ನಿಲ್ಲ, ಇವನಿಗ್ಯಾಕೆ?" ಹಳೇ ಡೆಂಗ್ಯೂ ಕಾರಣ ಇರಬೇಕು ಅಂದೆ. ಅಷ್ಟೇ ಅಲ್ಲ, ಹುಟ್ಟಿನಿಂದ ಬಂದ ಗುಣವೂ ಇರಬಹುದು. ಎಬೋಲಾದಲ್ಲಿ ಇದನ್ನು ನೋಡಿದ್ದಾರೆ. ಒಂದೇ ತಳಿಯ ಲ್ಯಾಬ್ ಇಲಿಗಳು ಎಬೋಲಾದಿಂದ ಸತ್ತರೂ ಮನುಷ್ಯರ ಹಾಗೆ ರಕ್ತಸ್ರಾವ ಕಾಣುತ್ತಿರಲಿಲ್ಲ. ಎಂಟು ತಳಿಗಳನ್ನು ಬೆರೆಸಿ ಹುಟ್ಟಿಸಿದ ಬಗೆಬಗೆಯ ಇಲಿಗಳಿಗೆ ಅದೇ ವೈರಸ್ ಕೊಟ್ಟಾಗ, ಕೆಲವು ರಕ್ತಸ್ರಾವವಾಗಿ ಸತ್ತವು, ಕೆಲವು ಸ್ವಲ್ಪ ತೂಕ ಇಳಿದು ಪೂರ್ತಿ ಚೇತರಿಸಿಕೊಂಡವು. ಅಮೆರಿಕದ ಮೊಂಟಾನಾದಲ್ಲಿ ನಡೆದದ್ದು, 2014ರಲ್ಲಿ ಪ್ರಕಟವಾಯಿತು. ಅಪ್ಪ ಪೂರ್ತಿ ಕೇಳಿ, "ಇಲಿಗೂ ಜಾತಿ ಅದೆ ಅನ್ನು" ಅಂದ.

ಹೊರಡೋ ದಿನ ಬೆಳಿಗ್ಗೆ ಬೋನಿನಲ್ಲಿ ಒಂದು ದಪ್ಪ ಹೆಗ್ಗಣ ಬಿದ್ದಿತ್ತು. ಅಪ್ಪ ಅದನ್ನು ನನ್ನ ಬ್ಯಾಗಿನ ಪಕ್ಕ ತಂದಿಟ್ಟ. "ತಗಂಡೋಗ್ಲಾ, ನಿಮ್ಮ ಆಫೀಸ್ಗೆ ಆಯ್ತದೆ."

ಹೊರಗಿನ ಇಲಿ ಮುಟ್ಟಿದವರನ್ನು ನಮ್ಮಲ್ಲಿ ಕೆಲವು ದಿನ ಒಳಗೇ ಬಿಡೋದಿಲ್ಲ, ರೋಗ ಹತ್ತುತ್ತೆ ಅಂತ ಭಯ, ನಮ್ಮ ಇಲಿಗಳಿಗೆ. ಹೇಳಿದೆ. ಅಪ್ಪ ಬೋನು ಎತ್ತಿಕೊಂಡು ನಾಲೆ ಕಡೆ ಹೋದ, ದಾರಿಯುದ್ದಕ್ಕೂ ನಗ್ತಾ.