ಬಾದಾಮಿಗೆ ಮೊದಲ ಸಲ ಕ್ಲೈಂಬಿಂಗ್‌ಗೆ ಹೊರಟಿದ್ದೀರಾ? ಇಳಿಯುವುದನ್ನು ಮೊದಲು ಕಲಿಯಿರಿ

ಚಳಿ ಶುರುವಾಗುವ ಹೊತ್ತಿಗೆ ಬೆಂಗಳೂರಿನ ಕ್ಲೈಂಬಿಂಗ್ ಜಿಮ್‌ಗಳಲ್ಲಿ, ಕಂಠೀರವ ಕ್ರೀಡಾಂಗಣದ ಗೋಡೆಯ ಬುಡದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಗೋಡೆ ಮೇಲೆ ಲೀಡ್ ಮಾಡ್ತೀವಿ. ಈ ಸಲ ನಾಲ್ಕು ಜನ ಬಾದಾಮಿಗೆ ಹೋಗೋಣ ಅಂತಿದ್ದೀವಿ. ಏನೇನು ತಗೊಂಡು ಹೋಗಬೇಕು?"

ಲೀಡ್ ಎಂದರೆ ಹಗ್ಗವನ್ನು ದಾರಿಯುದ್ದಕ್ಕೂ ಸಿಕ್ಕಿಸಿಕೊಳ್ಳುತ್ತ ಮೊದಲಿಗರಾಗಿ ಹತ್ತುವುದು. ಸಾಮಾನಿನ ವಿಷಯ ಆಮೇಲೆ. ನಾನು ಮೊದಲು ಕೇಳುವುದು ಇಷ್ಟೇ: ನಿಮ್ಮ ನಾಲ್ವರಲ್ಲಿ ಎಷ್ಟು ಜನಕ್ಕೆ ರೂಟ್‌ನ (ಹತ್ತುವ ಹಾದಿಯ) ತುದಿಯಲ್ಲಿ ಕ್ವಿಕ್‌ಡ್ರಾ (ಹಗ್ಗವನ್ನು ಬಂಡೆಗೆ ಸೇರಿಸುವ ಜೋಡಿ ಕೊಕ್ಕೆ) ಬಿಚ್ಚಿಕೊಂಡು ಇಳಿಯಲು ಬರುತ್ತದೆ? ಜಿಮ್‌ನಲ್ಲಿ ತುದಿಗೆ ಹೋಗಿ ಕ್ಯಾರಬೀನರ್‌ಗೆ (ಬಾಯಿ ತೆರೆಯುವ ಲೋಹದ ಕೊಕ್ಕೆಗೆ) ಹಗ್ಗ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬಂಡೆಯ ಮೇಲೆ ಹಲವು ಕಡೆ ಇರುವುದು ಬಾಯಿ ತೆರೆಯದ ಉಂಗುರ. ಸೊಂಟದ ಗಂಟು ಬಿಚ್ಚದೆ ಅದರೊಳಗೆ ಹಗ್ಗ ತೂರುವುದಿಲ್ಲ. ನೆಲದಿಂದ 25 ಮೀಟರ್ ಮೇಲೆ ಗಂಟು ಬಿಚ್ಚುವ ಆ ಗಳಿಗೆಗೆ ನೀವು ತಯಾರಿದ್ದೀರಾ ಎಂಬುದರ ಮೇಲೆ ಉಳಿದ ಯೋಜನೆಯೆಲ್ಲ ನಿಂತಿದೆ.

ಕ್ರಮ ಹೀಗೆ. ತುದಿ ಮುಟ್ಟಿದೊಡನೆ ಬಂಡೆಗೆ ಜಡಿದ ಎರಡು ಬೋಲ್ಟ್‌ಗಳಿಗೂ ಸ್ಲಿಂಗ್‌ನಿಂದ (ಗಟ್ಟಿ ಪಟ್ಟಿಯ ಕುಣಿಕೆಯಿಂದ) ನಿಮ್ಮನ್ನು ಕಟ್ಟಿಕೊಂಡು, ಪೂರ್ತಿ ಭಾರ ಬಿಟ್ಟು ಕೂತು ನೋಡಿ. ಕೆಳಗಿನಿಂದ ಒಂದೆರಡು ಮಾರು ಸಡಿಲ ಹಗ್ಗ ಎಳೆದುಕೊಂಡು, ಅದನ್ನು ಮಡಚಿ, ಆ ಮಡಿಕೆಯನ್ನು ಎರಡೂ ಉಂಗುರಗಳೊಳಗೆ ತೂರಿಸಿ. ಈಚೆ ಬಂದ ಮಡಿಕೆಗೆ ಫಿಗರ್ ಎಯ್ಟ್ (ಇಂಗ್ಲಿಷ್ 8ರ ಆಕಾರದ) ಗಂಟು ಹಾಕಿ, ಲಾಕಿಂಗ್ ಕ್ಯಾರಬೀನರ್‌ನಿಂದ ಬಿಲೇ ಲೂಪ್‌ಗೆ (ಸೊಂಟಪಟ್ಟಿಯ ಮುಂದಿನ ಕುಣಿಕೆಗೆ) ಸಿಕ್ಕಿಸಿ, ಲಾಕ್ ತಿರುಗಿಸಿ. ಇದಾದ ಮೇಲಷ್ಟೇ ಸೊಂಟದ ಹಳೆಯ ಗಂಟು ಬಿಚ್ಚಿ ಅದರ ತುದಿಯನ್ನು ಉಂಗುರದಿಂದ ಎಳೆದುಕೊಳ್ಳಿ. "ಟೇಕ್" (ಹಗ್ಗ ಬಿಗಿ ಮಾಡು) ಎನ್ನಿ. ಭಾರ ಹಗ್ಗದ ಮೇಲೆ ಬಿದ್ದದ್ದನ್ನು ಕಣ್ಣಾರೆ ನೋಡಿ ಸ್ಲಿಂಗ್ ತೆಗೆಯಿರಿ. ಈ ಕ್ರಮದಲ್ಲಿ ಹಗ್ಗ ಕೈಜಾರಿ ಕೆಳಗೆ ಬೀಳುವುದಿಲ್ಲ, ಬಿಲೇ (ಕೆಳಗಿನವರು ಹಗ್ಗ ಹಿಡಿದು ಕೊಡುವ ರಕ್ಷಣೆ) ಒಂದು ಕ್ಷಣವೂ ತಪ್ಪುವುದಿಲ್ಲ. ಉಂಗುರ ಚಿಕ್ಕದಾಗಿದ್ದು ಮಡಿಕೆ ತೂರದಿದ್ದರೆ ಮಾಡುವ ಕ್ರಮ ಬೇರೆ. ಅದನ್ನೂ ಗೊತ್ತಿದ್ದವರಿಂದಲೇ ಕಲಿಯಿರಿ.

ಅಪಘಾತ ಆಗುವುದು ಸಾಮಾನ್ಯವಾಗಿ ಮಾತಿನಲ್ಲಿ. ಮೇಲಿದ್ದವರು "ಸೇಫ್" ಎನ್ನುತ್ತಾರೆ. ರ‍್ಯಾಪೆಲ್ ಮಾಡುತ್ತಾರೇನೋ (ತಾವೇ ಹಗ್ಗದ ಮೇಲೆ ಇಳಿಯುತ್ತಾರೇನೋ) ಎಂದುಕೊಂಡು ಕೆಳಗಿನವರು ಹಗ್ಗವನ್ನು ಬಿಲೇ ಡಿವೈಸ್‌ನಿಂದ (ಹಗ್ಗ ತಡೆಹಿಡಿಯುವ ಸಾಧನದಿಂದ) ಬಿಚ್ಚುತ್ತಾರೆ. ಮೇಲಿನವರು ಇಳಿಸುತ್ತಾರೆಂದು ನಂಬಿ ಹಿಂದಕ್ಕೆ ವಾಲುತ್ತಾರೆ. ಹತ್ತುವ ಮೊದಲೇ ನೆಲದ ಮೇಲೆ ನಿಂತು ಹೇಳಿಬಿಡಿ: "ನನ್ನನ್ನು ನೀನೇ ಇಳಿಸ್ಬೇಕು, ನಾನು ನೆಲ ಮುಟ್ಟೋ ತನಕ ಬಿಚ್ಬೇಡ." ಗಾಳಿ ಬೀಸುವ ಬಂಡೆಯ ಮೇಲೆ ಕೂಗಿದ್ದು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಈ ಕ್ರಮವನ್ನು ಊರಲ್ಲೇ, ಎದೆಮಟ್ಟದ ಆಂಕರ್‌ (ತುದಿಯಲ್ಲಿರುವಂಥ ಬೋಲ್ಟ್-ಉಂಗುರಗಳ ಜೋಡಣೆ) ಮುಂದೆ ನಿಂತು, ಯಾರೂ ಹೇಳಿಕೊಡದೆ ಕೈ ತಾನಾಗಿ ನಡೆಯುವವರೆಗೆ ಮಾಡಿ. ಕನಿಷ್ಠ ಇಬ್ಬರಿಗೆ ಬರಬೇಕು. ಯಾರಿಗೂ ಬರದಿದ್ದರೆ ಬಾದಾಮಿಯಲ್ಲಿ ವರ್ಷಗಳಿಂದ ಹತ್ತುತ್ತಿರುವ ಸ್ಥಳೀಯರಿದ್ದಾರೆ. ಮೊದಲೆರಡು ದಿನ ಅವರನ್ನು ಜೊತೆಗೆ ಕರೆದುಕೊಂಡು, ಅವರ ಕೆಲಸಕ್ಕೆ ತಕ್ಕ ದುಡ್ಡು ಕೊಡಿ.

ಇನ್ನು ಹಗ್ಗ. ಹಗ್ಗ ತುದಿಗೆ ಹೋಗಿ ಮರಳುವುದರಿಂದ 60 ಮೀಟರ್ ಹಗ್ಗಕ್ಕೆ 30 ಮೀಟರ್ ರೂಟ್ ಎಂಬ ಲೆಕ್ಕ ಕಾಗದದ ಮೇಲೆ ಸರಿ. ಗಂಟುಗಳು ಒಂದಷ್ಟು ತಿನ್ನುತ್ತವೆ, ರೂಟ್ ಅಡ್ಡ ಹೋದರೆ ಇನ್ನಷ್ಟು ಹೋಗುತ್ತದೆ, ಸವೆದ ತುದಿ ಕತ್ತರಿಸಿದ್ದರೆ ಹಗ್ಗವೇ 60 ಇರುವುದಿಲ್ಲ. 26-27 ಮೀಟರ್ ದಾಟಿದ ರೂಟ್‌ಗೆ 70 ಮೀಟರ್ ಹಗ್ಗ ಒಯ್ಯಿರಿ. ಉದ್ದ ಎಷ್ಟೇ ಇರಲಿ, ಬಿಲೇ ಮಾಡುವವರ ಕಡೆಯ ತುದಿಗೆ ಗಂಟು ಇರಲೇಬೇಕು. ಇಳಿಸುವಾಗ ಹಗ್ಗದ ತುದಿ ಡಿವೈಸ್‌ನಿಂದ ನುಣುಚಿಕೊಳ್ಳದಂತೆ ತಡೆಯುವುದು ಅದೊಂದೇ. ಟಾಪ್ ರೋಪ್‌ನಲ್ಲೂ (ಮೊದಲೇ ತುದಿಯಿಂದ ಇಳಿಬಿಟ್ಟ ಹಗ್ಗದಲ್ಲಿ ಹತ್ತುವಾಗಲೂ) ಒಂದು ಅಪಾಯವಿದೆ. 25 ಮೀಟರ್ ರೂಟ್‌ನ ಬುಡದಲ್ಲಿ ಹತ್ತಲು ಶುರುಮಾಡಿದವರಿಗೆ ಸುಮಾರು 50 ಮೀಟರ್ ಹಗ್ಗ ಹಿಗ್ಗಲು ಸಿಗುತ್ತದೆ, ಆಗ ಹಗ್ಗ ಮೂರು ಮೀಟರ್ ಹಿಗ್ಗಿದರೂ ಆಶ್ಚರ್ಯವಿಲ್ಲ. ಶುರುವಿನಲ್ಲೇ ಕೈಬಿಟ್ಟರೆ ಹಗ್ಗ ಇದ್ದೂ ನೆಲಕ್ಕೆ ಬೀಳುತ್ತಾರೆ. ಅಲ್ಲಿ ಬಿಲೇ ಬಿಗಿಯಾಗಿರಲಿ.

ಕ್ವಿಕ್‌ಡ್ರಾ 14 ಸಾಕು, ಆದರೆ ಕೆಳಗಿನಿಂದ ಬೋಲ್ಟ್ ಎಣಿಸಿ, ಅದರ ಮೇಲೆ ಆಂಕರ್‌ಗೆ ಎರಡು, ಅಂದಾಜು ತಪ್ಪಿದರೆ ಇರಲೆಂದು ಒಂದು ಸೇರಿಸಿಕೊಂಡೇ ಹೊರಡಿ. ಪ್ರತಿಯೊಬ್ಬರಿಗೂ ಹೆಲ್ಮೆಟ್, 120 ಸೆಂಟಿಮೀಟರ್ ಸ್ಲಿಂಗ್, ಎರಡು ಲಾಕಿಂಗ್ ಕ್ಯಾರಬೀನರ್. ಜೊತೆಗೆ ಬಿಟ್ಟು ಬರಲು ಮನಸ್ಸಾಗುವ ಎರಡು ಸಾದಾ ಕ್ಯಾರಬೀನರ್: ರೂಟ್ ಮಧ್ಯೆ ಕೈಸೋತರೆ ನೀವಿರುವ ಬೋಲ್ಟ್‌ಗೆ ಒಂದು, ಅದರ ಕೆಳಗಿನದಕ್ಕೆ ಇನ್ನೊಂದು ಬಿಟ್ಟು ಇಳಿಯಿರಿ. ದುಡ್ಡು ಉಳಿಸಲೆಂದು ಸ್ಲಿಂಗ್‌ನೊಳಗೆ ಹಗ್ಗ ತೂರಿಸಿ ಇಳಿಯಬೇಡಿ. ನೈಲಾನ್ ಮೇಲೆ ನೈಲಾನ್ ಉಜ್ಜಿದರೆ ಆ ಶಾಖಕ್ಕೆ ಸ್ಲಿಂಗ್ ಕರಗಿ ತುಂಡಾಗುತ್ತದೆ. ನಟ್ ಬೆರಳಿಗೇ ತಿರುಗಿದರೆ ಅಥವಾ ಬೋಲ್ಟ್ ಅಲ್ಲಾಡಿದರೆ ಆ ರೂಟ್ ಅಂದಿಗೆ ಬೇಡ.

ಜಿಮ್‌ನಲ್ಲಿ 6ಬಿ (ಕಷ್ಟದ ದರ್ಜೆ, ಅಂಕಿ ಹೆಚ್ಚಿದಷ್ಟೂ ಕಠಿಣ) ಲೀಡ್ ಮಾಡುವವರು ಮೊದಲ ದಿನ 5ಬಿ, 5ಸಿ ಹತ್ತಿದರೆ ಯಾವ ಅವಮಾನವೂ ಇಲ್ಲ. ಬಾದಾಮಿಯ ಮರಳುಗಲ್ಲು ಅಡ್ಡ ಪದರಗಳದ್ದು. ಹಿಡಿತಗಳು ಪದರದ ಅಂಚಿನಲ್ಲಿ ಅಡಗಿರುತ್ತವೆ, ಕೆಳಗಿನಿಂದ ಕಾಣುವುದಿಲ್ಲ. ಬಣ್ಣದ ಹಿಡಿತ ನೋಡಿ ರೂಢಿಯಾದ ಕಣ್ಣಿಗೆ ಒಂದು ದಿನ ಬೇಕು. ರಾಮನಗರದ ಗ್ರಾನೈಟ್ ಹತ್ತಿದ ಪಾದಕ್ಕೂ ಇದು ಬೇರೆಯೇ.

ಹೋಗಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಬಾದಾಮಿ. ಸ್ಟೇಷನ್‌ನಿಂದ ಊರು ಸುಮಾರು 5 ಕಿ.ಮೀ., ಆಟೋ ಸಿಗುತ್ತದೆ. ರಸ್ತೆಯಲ್ಲಿ ಚಿತ್ರದುರ್ಗ, ಹೊಸಪೇಟೆ ಮೇಲೆ ಸುಮಾರು 450 ಕಿ.ಮೀ. ಗಾಡಿಯಲ್ಲಿ ಹೋದರೆ ಹಗ್ಗವನ್ನು ಬ್ಯಾಟರಿ, ಆ್ಯಸಿಡ್ ಸೋಕಿದ ಜಾಗದ ಹತ್ತಿರ ಇಡಬೇಡಿ. ಆ್ಯಸಿಡ್ ತಿಂದ ನೈಲಾನ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ದಿನದ ಯೋಜನೆ ನೆರಳಿನ ಲೆಕ್ಕದಲ್ಲಿರಲಿ: ಪಶ್ಚಿಮಕ್ಕೆ ಮುಖ ಮಾಡಿದ ಬಂಡೆ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನದ ಮೇಲೆ. ಎರಡು ದಿನ ಹತ್ತಿದ ಮೇಲೆ ಬೆರಳ ಚರ್ಮ ಬಿಡುವು ಕೇಳುತ್ತದೆ, ಆ ದಿನ ಪಟ್ಟದಕಲ್ಲು, ಐಹೊಳೆ ನೋಡಿ, ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ. ಗುಹಾಲಯ, ಕೋಟೆ, ಶಾಸನ ಇರುವ ಬಂಡೆಗಳನ್ನು ಮುಟ್ಟಲೂಬೇಡಿ. ಅಲ್ಲಿ ಒಬ್ಬರು ಚಾಕ್ (ಕೈ ಜಾರದಿರಲು ಹಚ್ಚುವ ಬಿಳಿ ಪುಡಿ) ಬಳಿದರೆ ಎಲ್ಲ ಕ್ಲೈಂಬರ್‌ಗಳಿಗೂ ಬಾಗಿಲು ಮುಚ್ಚುತ್ತದೆ. ಮಳೆ ಬಿದ್ದರೆ ಕಾಯಿರಿ. ನೆನೆದ ಮರಳುಗಲ್ಲು ಶಕ್ತಿ ಕಳೆದುಕೊಳ್ಳುತ್ತದೆ, ಹಿಡಿತ ಮುರಿದರೆ ಆ ರೂಟ್ ಮುಂದಿನವರಿಗೂ ಇಲ್ಲ.

ಹೆಜ್ಜೇನಿನ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಹತ್ತುವ ಮುಂಚೆ ಬಂಡೆಯ ಚಾಚುಗಳ ಅಡಿಯಲ್ಲಿ ಕಪ್ಪಗೆ ಜೋತುಬಿದ್ದ ಹುಟ್ಟು ಇದೆಯೇ ನೋಡಿ, ಸ್ಥಳೀಯರನ್ನೂ ಕೇಳಿ. ಇದ್ದರೆ ಆ ಗೋಡೆ ಬಿಡಿ, ಹತ್ತಿರದಲ್ಲಿ ಕೂಗಾಟ, ಹೊಗೆ, ಸೆಂಟು ಬೇಡ. ಎದ್ದರೆ ಹೊಡೆಯಲು ಹೋಗದೆ ತಲೆ ಮುಖ ಮುಚ್ಚಿಕೊಂಡು ದೂರ ಓಡಿ. ಹಗ್ಗದಲ್ಲಿ ತೂಗುತ್ತಿರುವವರಿಗೆ ಆ ಓಟವಿಲ್ಲ, ಬಿಲೇ ಮಾಡುವವರು ಅವರನ್ನು ಇಳಿಸಿಯೇ ಓಡಬೇಕು. ತುಂಬಾ ಕಡಿದಿದ್ದರೆ 108ಕ್ಕೆ ಕರೆ ಮಾಡಿ. ಬಾದಾಮಿಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ದೊಡ್ಡದು ಬೇಕಾದರೆ ಬಾಗಲಕೋಟೆಯ ವೈದ್ಯಕೀಯ ಕಾಲೇಜು. ಯಾವ ಬಂಡೆಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಬೆಳಿಗ್ಗೆಯೇ ಲಾಡ್ಜ್‌ನಲ್ಲಿ ಬರೆದುಕೊಟ್ಟು ಹೊರಡಿ.